ಗೋಡೆಯ ಮೇಲಿನ ಅರಳಿ, ಕೋಣೆಯೊಳಗಿನ ಬ್ಯಾಂಬಿನೊ

ನಾವಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಹೊಂದಿಕೊಂಡಿರುವ ಗೋಡೆಯ ಬಿರುಕಿನಲ್ಲಿ, ಒಂದು ಅರಳಿ ಗಿಡ ಬಹಳ ವರ್ಷಗಳಿಂದ ಹುಟ್ಟುತ್ತಲೇ ಇದೆ. ವರ್ಷಕ್ಕೆ ಎರಡು ಬಾರಿಯಾದರೂ ಅದನ್ನು ಬುಡಸಮೇತ ಕಡಿಸುತ್ತೇವೆ. ಒಂದೆರಡು ಮಳೆ ಬಿದ್ದ ಮೇಲೆ ಅದು ಅದೇ ಬಿರುಕಿನಿಂದ ಕೆಂಪು ಚಿಗುರನ್ನು ಹೊರಕ್ಕೆ ಚಾಚುತ್ತದೆ. ಅದಕ್ಕೆ ಯಾರೂ ನೀರು ಹಾಕಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ, ಅದರ ಬೇರಿಗೆ ಒಂದು ಹಿಡಿ ಮಣ್ಣು ಸಹ ಇಲ್ಲ. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ನಮ್ಮ ಹಜಾರದ ಮೂಲೆಯಲ್ಲಿ, ಅದೇ ಕುಲದ ಇನ್ನೊಂದು ಗಿಡ ಒಳ್ಳೆಯ ಮಣ್ಣು, ಎರೆಗೊಬ್ಬರ, ದಿನಕ್ಕೊಂದು ಲೋಟ ನೀರು, ಅಂದವಾದ ಪಿಂಗಾಣಿ ಕುಂಡ ಎಲ್ಲವನ್ನೂ ಪಡೆದುಕೊಂಡು ವಾರಕ್ಕೊಂದು ಎಲೆಯನ್ನು ಉದುರಿಸುತ್ತ ಸಾಯತೊಡಗಿತ್ತು. ಈ ಎರಡು ಗಿಡಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಯೋಚಿಸುವ ಬುದ್ಧಿ ನನಗೆ ಬರುವ ಹೊತ್ತಿಗೆ ಒಳಗಿನ ಗಿಡದ ಇಪ್ಪತ್ತೊಂದು ಎಲೆಗಳಲ್ಲಿ ಹನ್ನೆರಡು ಮಾತ್ರ ಉಳಿದಿದ್ದವು.

ಆ ಗಿಡವನ್ನು ನಾನು ಕೊಂಡದ್ದು ನಾಲ್ಕು ವರ್ಷಗಳ ಹಿಂದೆ, ಆಗಸ್ಟಿನಲ್ಲಿ, ಲಾಲ್‌ಬಾಗಿಗೆ ಹೋಗಿ ಬರುವ ದಾರಿಯಲ್ಲಿದ್ದ ಒಂದು ನರ್ಸರಿಯಲ್ಲಿ. ಬೆಲೆ ನಾನೂರೈವತ್ತು ರೂಪಾಯಿ. ಮಾರಿದವನು ಅದನ್ನು ಬ್ಯಾಂಬಿನೊ ಎಂದು ಕರೆದನು. ಇದು ಫಿಡಲ್ ಲೀಫ್ ಫಿಗ್ ಎಂಬ, ಈಗ ಒಳಾಂಗಣ ಅಲಂಕಾರದ ಚಿತ್ರಗಳಲ್ಲೆಲ್ಲ ಕಾಣಿಸುವ ಗಿಡದ ಗಿಡ್ಡ ತಳಿ. ಮೂಲ ಗಿಡದ ಸಸ್ಯಶಾಸ್ತ್ರೀಯ ಹೆಸರು ಫೈಕಸ್ ಲೈರಾಟಾ. ಎಲೆಯು ಲೈರ್ ಎಂಬ ಹಳೆಯ ತಂತಿವಾದ್ಯದ ಆಕಾರದಲ್ಲಿದೆ ಎಂದು ಜರ್ಮನಿಯ ಸಸ್ಯವಿಜ್ಞಾನಿ ಓಟ್ಟೊ ವಾರ್ಬರ್ಗ್ 1894ರಲ್ಲಿ ಈ ಹೆಸರನ್ನಿಟ್ಟರು. ಇಂಗ್ಲಿಷಿನವರ ಕಣ್ಣಿಗೆ ಅದು ಪಿಟೀಲಿನಂತೆ ಕಂಡಿತು. ವೈಯಾಲಿಕಾವಲ್‌ನ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ನೋಡಿದವರಿಗೆ ಆ ಆಕಾರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ: ತುದಿ ಅಗಲ, ನಡು ಸಣ್ಣ, ಬುಡ ಮತ್ತೆ ತುಸು ಅಗಲ. ಬ್ಯಾಂಬಿನೊದಲ್ಲಿ ಮಾತ್ರ ಆ ನಡು ಅಷ್ಟು ಸ್ಪಷ್ಟವಲ್ಲ. ಅದರ ಎಲೆ ಹೆಚ್ಚು ದುಂಡಗೆ, ದಪ್ಪಗೆ, ಹಪ್ಪಳದಂತೆ ಗಡುಸಾಗಿ ಇರುತ್ತದೆ. ಮೂಲ ಗಿಡದ ಎಲೆ ಒಂದೂವರೆ ಅಡಿಯವರೆಗೆ ಬೆಳೆಯಬಲ್ಲದು. ಇದರದು ಅಂಗೈಗಿಂತ ಸ್ವಲ್ಪ ದೊಡ್ಡದು. ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಬಹಳ ಕಡಿಮೆಯಾದುದರಿಂದ ಎಲೆಗಳು ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ, ಗಿಡ ಮೂರರಿಂದ ಐದು ಅಡಿಯೊಳಗೆ ನಿಲ್ಲುತ್ತದೆ. ಇಟಲಿಯ ಭಾಷೆಯಲ್ಲಿ ಬ್ಯಾಂಬಿನೊ ಎಂದರೆ ಮಗು. ಅದರ ಬಂಧುವಾದ ದೊಡ್ಡ ಆಲದ ಮರವೊಂದು ಕೆಂಗೇರಿಯ ಆಚೆ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಯನ್ನು ಆವರಿಸಿಕೊಂಡು ನಿಂತಿರುವುದನ್ನು ನೋಡಿದರೆ, ಎರಡು ಚದರ ಅಡಿಯಲ್ಲಿ ಬದುಕಲು ಒಪ್ಪಿರುವ ಇದನ್ನು ಮಗು ಎಂದು ಕರೆದದ್ದು ಸರಿಯೇ.

ಮನೆಗೆ ತಂದ ದಿನ ಒಂದು ಎಲೆಯ ತೊಟ್ಟು ಮುರಿದು ಬಿಳಿಯ ಹಾಲು ಸುರಿಯಿತು. ಮೈಸೂರಿನಿಂದ ಬಂದಿದ್ದ ನಮ್ಮಮ್ಮ ಅದನ್ನು ನೋಡಿದವರೇ, "ಹಾಲು ಬರೋ ಗಿಡಾನ ಮನೆಯೊಳಗೆ ಇಡ್ತಾರೇನೋ?" ಎಂದರು. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಇವನ್ನೆಲ್ಲ ನಮ್ಮ ಹಿರಿಯರು ಹಾಲು ಬರುವ ಮರಗಳೆಂದು ಒಂದೇ ಗುಂಪಿಗೆ ಸೇರಿಸಿದ್ದರು. ಆಯುರ್ವೇದದಲ್ಲಿಯೂ ಕ್ಷೀರವೃಕ್ಷಗಳೆಂದರೆ ಮುಖ್ಯವಾಗಿ ಇವೇ. ಕಟ್ಟೆ ಕಟ್ಟಿ ಪೂಜಿಸಬೇಕು, ಆದರೆ ಮನೆಯ ಗೋಡೆಗೆ ಹತ್ತಿರ ಬಿಡಬಾರದು ಎಂಬ ಮಾತಿನ ಹಿಂದೆ ಇದ್ದದ್ದು ಬರೀ ನಂಬಿಕೆಯಲ್ಲವೆಂದು ನಮ್ಮ ತಾರಸಿಯ ಬಿರುಕನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ಹಾಲಿನ ವಿಷಯದಲ್ಲಿಯೂ ಅಮ್ಮನ ಅಂಜಿಕೆಯಲ್ಲಿ ಅರ್ಧ ಸತ್ಯವಿತ್ತು: ಅದು ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಬೆಕ್ಕು ನಾಯಿಗಳು ಎಲೆಯನ್ನು ಅಗಿದರೆ ಬಾಯಿ ಉರಿದು ವಾಂತಿಯಾಗುತ್ತದೆ. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿದ್ದ ಮನೆಯಲ್ಲಿ ಇದನ್ನು ಎತ್ತರದ ಸ್ಟೂಲಿನ ಮೇಲಿಡುವುದು ಒಳ್ಳೆಯದು.

ಫೈಕಸ್ ಲೈರಾಟಾ ಹುಟ್ಟಿದ ನಾಡು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡು. ಸಿಯೆರಾ ಲಿಯೋನ್‌ನಿಂದ ಕ್ಯಾಮರೂನ್‌ವರೆಗಿನ ತಗ್ಗು ಪ್ರದೇಶ. ಅಲ್ಲಿ ಅದು ನಲವತ್ತು ಐವತ್ತು ಅಡಿಯ ಮರ. ಅನೇಕ ಸಲ ಅದರ ಬೀಜ ಮೊಳೆಯುವುದು ನೆಲದಲ್ಲಲ್ಲ, ಇನ್ನೊಂದು ಮರದ ಕವಲಿನಲ್ಲಿ. ಅಲ್ಲಿಂದ ಬೇರನ್ನು ಕೆಳಗೆ ಇಳಿಬಿಟ್ಟು ನೆಲವನ್ನು ಮುಟ್ಟುತ್ತದೆ. ನಮ್ಮ ಆಲವೂ ಅರಳಿಯೂ ಮಾಡುವುದು ಇದನ್ನೇ. ತಾಳೆಯ ಮರದ ತಲೆಯ ಮೇಲೆ, ಹಳೆಯ ದೇವಸ್ಥಾನದ ಗೋಪುರದ ಮೇಲೆ, ಸೇತುವೆಯ ಕಲ್ಲುಗಳ ಸಂದಿಯಲ್ಲಿ ಇವು ಬೆಳೆಯುವುದನ್ನು ನೋಡಿಯೇ ನಾವು ದೊಡ್ಡವರಾಗಿದ್ದೇವೆ. ಹಾಗೆ ಹುಟ್ಟುವ ಗಿಡಕ್ಕೆ ಎಳೆಯ ವಯಸ್ಸಿನಲ್ಲಿ ಸಿಗುವುದು ಎರಡೇ: ಧಾರಾಳವಾದ ಬೆಳಕು, ಮತ್ತು ಬಂದಷ್ಟೇ ಬೇಗ ಹರಿದುಹೋಗುವ ನೀರು. ಬೇರಿನ ಸುತ್ತ ಗಾಳಿ ಆಡುತ್ತಿರುತ್ತದೆ. ನಾನು ನನ್ನ ಗಿಡಕ್ಕೆ ಕೊಟ್ಟದ್ದು ಇದರ ನೇರ ತಲೆಕೆಳಗು. ಬೆಳಕನ್ನು ಕಿತ್ತುಕೊಂಡು ನೀರನ್ನು ನಿಲ್ಲಿಸಿದ್ದೆ. ಈ ಗಿಡ ಬಹಳ ಸೂಕ್ಷ್ಮ, ಮುನಿಸಿಕೊಳ್ಳುವ ಸ್ವಭಾವದ್ದು ಎಂದು ಹೇಳುವವರನ್ನು ನಾನು ಈಗ ನಂಬುವುದಿಲ್ಲ. ಅದು ಗೋಡೆಯಲ್ಲಿ ಬದುಕುವ ಜಾತಿಯ ಗಿಡ, ಅದನ್ನು ನಾವು ಕತ್ತಲೆಯ ಕೆಸರಿನಲ್ಲಿ ನಿಲ್ಲಿಸುತ್ತೇವೆ, ಅಷ್ಟೇ.

ಬೆಳಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಕಣ್ಣು ಈ ವಿಷಯದಲ್ಲಿ ನಮಗೆ ಮೋಸ ಮಾಡುತ್ತದೆ. ಹಜಾರದಲ್ಲಿ ಹಗಲು ದೀಪ ಹಾಕದೆ ಪತ್ರಿಕೆ ಓದಬಹುದಾದರೆ ನಾವು ಅದನ್ನು ಬೆಳಕಿನ ಕೋಣೆ ಎನ್ನುತ್ತೇವೆ. ಬಯಲಿನ ನಡುಹಗಲ ಬಿಸಿಲು ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಸುಮಾರು ಒಂದು ಲಕ್ಷ ಇರುತ್ತದೆ. ಮೊಬೈಲಿನಲ್ಲಿ ಬೆಳಕನ್ನು ಅಳೆಯುವ ಒಂದು ಆ್ಯಪ್ ಹಾಕಿಕೊಂಡು ನೋಡಿದಾಗ ನಮ್ಮ ಪೂರ್ವದ ಕಿಟಕಿಯ ಪಕ್ಕದಲ್ಲಿ ಎಂಟು ಸಾವಿರದ ಆಸುಪಾಸು ತೋರಿಸಿತು, ಗಿಡವಿದ್ದ ಟೀವಿಯ ಪಕ್ಕದ ಮೂಲೆಯಲ್ಲಿ ಇನ್ನೂರು. ಮೊಬೈಲಿನ ಅಳತೆ ಕರಾರುವಾಕ್ಕಲ್ಲವೆಂದು ಬಲ್ಲೆ. ಆದರೂ ಎಂಟು ಸಾವಿರಕ್ಕೂ ಇನ್ನೂರಕ್ಕೂ ಇರುವ ಅಂತರವು ಅಳತೆಯ ತಪ್ಪಿನಿಂದ ಬಂದದ್ದಾಗಲಾರದು. ಕಿಟಕಿಯಿಂದ ಹತ್ತು ಅಡಿ ಒಳಗೆ ಬಂದರೆ ಸಾಕು, ಗಿಡದ ಪಾಲಿಗೆ ಅದು ಮುಸ್ಸಂಜೆ. ಅದರ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಸೊಳ್ಳೆಗಾಗಿ ಹಾಕಿಸಿದ ಜಾಲರಿ, ಕಿಟಕಿಯ ಮೇಲಿನ ಸಜ್ಜಾ, ಐದು ಅಡಿ ದೂರದಲ್ಲಿ ನಿಂತ ಪಕ್ಕದ ಕಟ್ಟಡ ಇವೆಲ್ಲ ತಮ್ಮ ತಮ್ಮ ಪಾಲನ್ನು ಕಳೆಯುತ್ತವೆ. ಧೂಳು ಕಟ್ಟಿದ ಜಾಲರಿಯನ್ನು ತೊಳೆದ ದಿನ ಅದೇ ಕಿಟಕಿಯಲ್ಲಿ ಆ್ಯಪ್ ತೋರಿಸಿದ ಅಂಕಿ ಎದ್ದು ಕಾಣುವಷ್ಟು ಏರಿದ್ದನ್ನು ಕಂಡು ನನಗೆ ನಾಚಿಕೆಯಾಯಿತು. ಆ್ಯಪ್ ಬೇಡವೆನ್ನುವವರು ಗಿಡ ಇಡುವ ಜಾಗದಲ್ಲಿ ಒಂದು ಬಿಳಿಯ ಹಾಳೆಯ ಮೇಲೆ, ಒಂದು ಅಡಿ ಎತ್ತರದಲ್ಲಿ ಕೈ ಹಿಡಿದು ನೋಡಬಹುದು. ಬೆರಳುಗಳ ನೆರಳು ಅಂಚು ಸಹಿತ ಬಿದ್ದರೆ ಜಾಗ ಒಳ್ಳೆಯದು. ನೆರಳು ಮಸುಕಾದ ಕಲೆಯಂತೆ ಬಿದ್ದರೆ ಅಲ್ಲಿ ಬೇರೆ ಏನನ್ನಾದರೂ ಇಡಿ, ಬ್ಯಾಂಬಿನೊ ಬೇಡ.

ಪುಸ್ತಕಗಳಲ್ಲಿ ದಕ್ಷಿಣದ ಕಿಟಕಿ ಉತ್ತಮ, ಉತ್ತರದ ಕಿಟಕಿ ನಿಷ್ಪ್ರಯೋಜಕ ಎಂದು ಬರೆದಿರುತ್ತಾರೆ. ಅದು ಯುರೋಪು ಅಮೆರಿಕಗಳ ಮಾತು. ಬೆಂಗಳೂರು ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬಂದು ಕಂಬಗಳ ನೆರಳು ಮಾಯವಾಗುತ್ತದೆ. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ನಮ್ಮ ನಡುಹಗಲ ಸೂರ್ಯ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ಕಿಟಕಿಯಿಂದ ಓರೆಯಾದ ಬಿಸಿಲು ಕೋಣೆಯೊಳಕ್ಕೆ ನುಗ್ಗುತ್ತದೆ. ಆದುದರಿಂದ ನಮ್ಮಲ್ಲಿ ವರ್ಷವಿಡೀ ಹೆಚ್ಚುಕಡಿಮೆಯಿಲ್ಲದೆ ನಂಬಬಹುದಾದುದು ಪೂರ್ವದ ಕಿಟಕಿ. ಬೆಳಿಗ್ಗೆ ಒಂಬತ್ತರವರೆಗಿನ ಎಳೆಬಿಸಿಲು ನೇರವಾಗಿ ಎಲೆಯ ಮೇಲೆ ಬಿದ್ದರೂ ಈ ಗಿಡಕ್ಕೆ ತೊಂದರೆಯಿಲ್ಲ, ಹಿತವೇ. ಪಶ್ಚಿಮದ ಕಿಟಕಿಯಾದರೆ ಮಾರ್ಚ್ ಏಪ್ರಿಲ್‌ಗಳ ಸಂಜೆಯ ಬಿಸಿಲಿಗೆ ಒಂದು ತೆಳುವಾದ ಬಿಳಿಯ ಪರದೆ ಅಡ್ಡ ಇರಲಿ.

ಇಷ್ಟು ತಿಳಿದ ಮೇಲೆ ನಾನು ಮಾಡಿದ ತಪ್ಪು ಇನ್ನೊಂದು ಬಗೆಯದು. ಕತ್ತಲೆಯಲ್ಲಿ ಇಟ್ಟದ್ದೇ ಪಾಪವೆಂದು, ಗಿಡವನ್ನು ಒಂದು ಭಾನುವಾರ ನೇರವಾಗಿ ಬಾಲ್ಕನಿಯ ಕಟಾಂಜನಕ್ಕೆ ತಂದಿಟ್ಟೆ. ಮೂರು ದಿನಗಳಲ್ಲಿ ಮೇಲಿನ ನಾಲ್ಕು ಎಲೆಗಳ ಮೇಲೆ ಬೂದಿ ಮೆತ್ತಿದಂತಹ ಬಿಳಿಚಿದ ಕಲೆಗಳು ಎದ್ದವು. ಆಮೇಲೆ ಆ ಕಲೆಗಳು ಒಣಗಿ ಕಾಗದದಂತಾದವು. ಮಬ್ಬು ಬೆಳಕಿನಲ್ಲಿ ಬಿಚ್ಚಿಕೊಂಡ ಎಲೆಗೆ ಬಿಸಿಲನ್ನು ತಡೆಯುವ ಸಿದ್ಧತೆ ಇರುವುದಿಲ್ಲ. ಬಿಸಿಲಿನಲ್ಲಿ ಹುಟ್ಟಿದ ಎಲೆ ಬಿಸಿಲನ್ನು ತಾಳುತ್ತದೆ, ನೆರಳಿನಲ್ಲಿ ಹುಟ್ಟಿದ್ದು ಸುಡುತ್ತದೆ. ಹೆಚ್ಚು ಬೆಳಕಿಗೆ ತರುವುದಾದರೆ ಎರಡು ಮೂರು ವಾರಗಳ ಅವಧಿಯಲ್ಲಿ, ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ, ತರಬೇಕು. ಸುಟ್ಟ ಭಾಗ ಮತ್ತೆ ಹಸಿರಾಗುವುದಿಲ್ಲ. ಆ ನಾಲ್ಕು ಎಲೆಗಳಲ್ಲಿ ಒಂದು ಈಗಲೂ ಗಿಡದ ಮೇಲಿದೆ. ಅರ್ಧ ಹಸಿರಾಗಿರುವ ಎಲೆಯೂ ಗಿಡಕ್ಕೆ ದುಡಿದು ಹಾಕುತ್ತಿರುತ್ತದೆಯಾದ್ದರಿಂದ ಅಂದಕ್ಕಾಗಿ ಅದನ್ನು ಕತ್ತರಿಸಲು ನನಗೆ ಮನಸ್ಸಾಗಿಲ್ಲ.

ಇನ್ನು ನೀರು. ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂದು ನನ್ನನ್ನು ಕೇಳುವವರಿಗೆ ನಾನು ದಿನದ ಲೆಕ್ಕ ಹೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ನನ್ನ ಎಂಟು ಅಂಗುಲದ ಕುಂಡ ಮಾರ್ಚಿನಲ್ಲಿ ಏಳೆಂಟು ದಿನಕ್ಕೆ ಒಣಗುತ್ತಿತ್ತು, ಜುಲೈಯ ಜಿಟಿಜಿಟಿ ಮಳೆಯ ದಿನಗಳಲ್ಲಿ ಎರಡು ವಾರವಾದರೂ ಒಳಗೆ ತೇವ ಉಳಿಯುತ್ತಿತ್ತು. ವಾರದ ಇಂಥ ದಿನವೆಂದು ಗುರುತು ಹಾಕಿಕೊಂಡು ನೀರು ಹಾಕುವವರ ಗಿಡ ಸಾಯುವುದು ಮಳೆಗಾಲದಲ್ಲಿ. ನಾನು ಅನುಸರಿಸುವ ಕ್ರಮ ಬಹಳ ಸರಳ. ತೆಂಗಿನ ಕಡ್ಡಿಯ ಪೊರಕೆಯಿಂದ ಒಂದು ಹೊಸ ಕಡ್ಡಿಯನ್ನು ಎಳೆದುಕೊಂಡು ಕುಂಡದ ಅಂಚಿನ ಬಳಿ ನಾಲ್ಕೈದು ಅಂಗುಲ ಆಳಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು ತೆಗೆದು ನೋಡುತ್ತೇನೆ. ಕಡ್ಡಿಗೆ ಮಣ್ಣು ಮೆತ್ತಿಕೊಂಡು ತಣ್ಣಗೆ ಬಂದರೆ ಆ ದಿನ ನೀರಿಲ್ಲ. ಮೇಲಿನ ಎರಡು ಅಂಗುಲದಲ್ಲಿ ಕಡ್ಡಿ ಒಣಗಿದ್ದು, ಕೆಳಗಡೆ ಸ್ವಲ್ಪ ಮಾತ್ರ ತೇವ ಕಂಡರೆ ನೀರು ಹಾಕುವ ಹೊತ್ತು. ಕೆಲವು ತಿಂಗಳಾದ ಮೇಲೆ ಕುಂಡವನ್ನು ಎತ್ತಿದ ಭಾರದಿಂದಲೇ ಅಂದಾಜು ಸಿಗುತ್ತದೆ. ಅಡುಗೆ ಅನಿಲದ ಸಿಲಿಂಡರ್ ಖಾಲಿಯಾಗುತ್ತಿರುವುದು ಅಲುಗಾಡಿಸಿದ ಕೂಡಲೇ ತಿಳಿಯುವ ಹಾಗೆ.

ಹಾಕುವಾಗ ಮಾತ್ರ ಜಿಪುಣತನ ಕೂಡದು. ದಿನಕ್ಕೊಂದು ಲೋಟವೆಂದು ಹಾಕಿದ ನೀರು ಮೇಲಿನ ಪದರವನ್ನಷ್ಟೇ ನೆನೆಸಿ, ನಡುವಿನ ಬೇರುಗಳನ್ನು ಒಣಗಿಸುತ್ತದೆ. ಅಥವಾ ರಂಧ್ರವಿಲ್ಲದ ಪಿಂಗಾಣಿ ಕುಂಡವಾದರೆ, ನನ್ನದರಂತೆ, ತಳದಲ್ಲಿ ಸೇರಿಕೊಂಡು ಕೊಳೆಯುತ್ತದೆ. ಕುಂಡದ ತಳದಿಂದ ನೀರು ಹೊರಬರುವವರೆಗೆ, ಸುತ್ತಲೂ, ನಿಧಾನವಾಗಿ ಹಾಕಿ, ಅರ್ಧ ಗಂಟೆಯ ಮೇಲೆ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ನೀರು ಯಾವುದು ಎಂಬುದೂ ಮುಖ್ಯ. ನಮ್ಮ ಕಟ್ಟಡಕ್ಕೆ ಬೇಸಿಗೆಯಲ್ಲಿ ಬೋರ್‌ವೆಲ್ ನೀರೇ ಗತಿ. ಗೀಸರಿನ ಸುರುಳಿಯನ್ನು ಸುಣ್ಣದ ಕಂಬವನ್ನಾಗಿ ಮಾಡುವ ಆ ಗಡಸು ನೀರು ಕುಂಡದ ಮಣ್ಣಿನ ಮೇಲೂ ಬಿಳಿಯ ಪದರವನ್ನು ಕಟ್ಟುತ್ತದೆ, ಎಲೆಯ ತುದಿಗಳನ್ನು ಕಂದಾಗಿಸುತ್ತದೆ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಿಡಿದ ಮಳೆನೀರನ್ನು ನಾನು ಮುಚ್ಚಿಟ್ಟು ಬಳಸುತ್ತೇನೆ. ಅದು ಮುಗಿದ ಮೇಲೆ, ಎರಡು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು ಕುಂಡದ ಅಳತೆಯ ಮೂರು ಪಟ್ಟು ನೀರನ್ನು ಸುರಿದು ಉಪ್ಪನ್ನು ತೊಳೆದುಬಿಡುತ್ತೇನೆ. ನೀರಿನ ಶುದ್ಧೀಕರಣ ಯಂತ್ರದ ಪೈಪಿನಿಂದ ಹೊರಹೋಗುವ ನೀರನ್ನು ಗಿಡಗಳಿಗೆ ಹಾಕುವವರಿದ್ದಾರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಇನ್ನಷ್ಟು ಗಟ್ಟಿಯಾಗಿ ಸೇರಿರುವುದು ಅದರಲ್ಲೇ. ನೆಲ ಒರೆಸಲು ಇರಲಿ.

ಮಣ್ಣಿನ ಬಗ್ಗೆ ನಮ್ಮವರಿಗೆ ಕೆಂಪು ಮಣ್ಣೆಂದರೆ ಒಂದು ಮೋಹ. ತೋಟದಲ್ಲಿ ಅದು ಒಳ್ಳೆಯದೇ. ಕುಂಡದೊಳಗೆ ಬರೀ ಕೆಂಪು ಮಣ್ಣು ಆರು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಆದರೆ ಸ್ಪಂಜಿನಂತೆ ನೀರನ್ನು ಹಿಡಿದುಕೊಂಡು ಬಿಡುವುದೇ ಇಲ್ಲ, ನರ್ಸರಿಗಳಿಂದ ಬರುವ ಹಗುರವಾದ ಗಿಡಗಳ ಬೇರು ಮನೆಗೆ ಬಂದ ತಿಂಗಳಲ್ಲೇ ಕೊಳೆಯುವುದು ಬಹುತೇಕ ಇದರಿಂದ. ನಾನು ಈಗ ಬಳಸುವುದು ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಕೋಕೋಪೀಟ್, ಎರಡು ಪಾಲು ಪರ್ಲೈಟ್ ಎಂಬ ಹಗುರವಾದ ಬಿಳಿಯ ಕಲ್ಲಿನ ಕಾಳು ಅಥವಾ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆಯ ಚೂರು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಿಹೋಗಬೇಕು. ಇಟ್ಟಿಗೆಯ ಚೂರಿನ ಉಪಾಯವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ತಾರಸಿಯ ಅರಳಿ ಬೇರು ಬಿಟ್ಟಿರುವುದು ಇಟ್ಟಿಗೆಯಲ್ಲಿಯೇ ಅಲ್ಲವೆ ಎಂದುಕೊಂಡು ಮಾಡಿದ್ದು.

ಕುಂಡದ ಅಳತೆಯಲ್ಲಿಯೂ ನಾನು ಒಮ್ಮೆ ಎಡವಿದ್ದೇನೆ. ಗಿಡ ಚೇತರಿಸಿಕೊಂಡ ಸಂತೋಷಕ್ಕೆ, ಪದೇ ಪದೇ ಬದಲಾಯಿಸುವ ಕಷ್ಟವೇಕೆಂದು, ಎಂಟು ಅಂಗುಲದಿಂದ ನೇರವಾಗಿ ಹದಿನಾಲ್ಕು ಅಂಗುಲದ ಕುಂಡಕ್ಕೆ ಏರಿಸಿದೆ. ಬೆಳೆಯುವ ಮಕ್ಕಳಿಗೆ ದೊಡ್ಡ ಅಳತೆಯ ಬಟ್ಟೆ ಹೊಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರು ತಲುಪದ ಅಷ್ಟೊಂದು ಮಣ್ಣಿನಲ್ಲಿ ನೀರು ವಾರಗಟ್ಟಲೆ ನಿಂತು ಹುಳಿವಾಸನೆ ಹಿಡಿಯಿತು. ಗಿಡವನ್ನು ಹೊರತೆಗೆದಾಗ ಕೆಳಗಿನ ಬೇರುಗಳು ಕಪ್ಪಾಗಿ, ಎಳೆದರೆ ಸಿಪ್ಪೆ ಕೈಗೆ ಬರುವಷ್ಟು ಮೆತ್ತಗಾಗಿದ್ದವು. ಅವನ್ನೆಲ್ಲ ಕತ್ತರಿಸಿ, ಹತ್ತು ಅಂಗುಲದ ಮಣ್ಣಿನ ಕುಂಡಕ್ಕೆ ಇಳಿಸಿದ ಮೇಲೆ ಉಳಿಯಿತು. ಎರಡು ವರ್ಷಕ್ಕೊಮ್ಮೆ, ಬೇರುಗಳು ತಳದ ರಂಧ್ರದಿಂದ ಹೊರಗೆ ಇಣುಕಿದಾಗ, ಎರಡು ಅಂಗುಲ ದೊಡ್ಡದಕ್ಕೆ ಏರಿಸಿದರೆ ಸಾಕು. ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಆ ಪದರದ ಮೇಲೆಯೇ ನಿಲ್ಲುವುದರಿಂದ ಒದ್ದೆಯ ಭಾಗ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಮಣ್ಣು ಜಾರದಂತೆ ರಂಧ್ರದ ಮೇಲೆ ಒಂದು ಹೆಂಚಿನ ಚೂರು ಕವುಚಿಡುವುದಷ್ಟೇ ಬೇಕಾದುದು.

ಎಲೆಯ ಮೇಲಿನ ಕಲೆಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಎಲೆಯ ನಡುವಿನಿಂದಲೋ ಬುಡದಿಂದಲೋ ಕಡುಕಂದಾದ, ಕಪ್ಪಿಗೆ ತಿರುಗುವ ಮೆತ್ತನೆಯ ಕಲೆಗಳು ಹರಡುತ್ತಿದ್ದು, ಕೆಳಗಿನ ಎಲೆಗಳು ಮೊದಲು ಉದುರುತ್ತಿದ್ದರೆ, ಬೇರು ಉಸಿರುಗಟ್ಟಿದೆಯೆಂದು ತಿಳಿಯಬೇಕು. ಅಂಚಿನಿಂದ ಒಳಮುಖವಾಗಿ ತಿಳಿಗಂದಾಗಿ, ಮುಟ್ಟಿದರೆ ಪುಡಿಯಾಗುವಂತೆ ಒಣಗಿದರೆ ನೀರು ಸಾಲದು, ಅಥವಾ ಒಣಗಾಳಿ ಬಡಿಯುತ್ತಿದೆ. ಹೊಸದಾಗಿ ಬಿಚ್ಚಿಕೊಂಡ ಎಲೆಯ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಕಂಡಾಗ ನಾನು ರೋಗವೆಂದು ಹೆದರಿ ಔಷಧಿ ಹುಡುಕಲು ಹೊರಟಿದ್ದೆ. ಅದು ರೋಗವಲ್ಲ. ಬಹಳ ದಿನ ಒಣಗಲು ಬಿಟ್ಟು ಒಮ್ಮೆಲೇ ನೀರು ಹೊಯ್ದಾಗ ಎಳೆಯ ಎಲೆಯ ಜೀವಕೋಶಗಳು ಹಿಡಿಸಲಾರದಷ್ಟು ನೀರು ಕುಡಿದು ಒಡೆಯುವುದರಿಂದ ಆದ ಗುರುತು. ಎಲೆ ಬಲಿಯುತ್ತ ಹೋದಂತೆ ಬಹುಪಾಲು ಮಾಸುತ್ತದೆ. ಇನ್ನು, ಜಾಗ ಬದಲಾಯಿಸಿದ ಎರಡು ವಾರದೊಳಗೆ ಒಂದೆರಡು ಎಲೆ ಉದುರಿದರೆ ಗಾಬರಿಯಾಗಿ ಇನ್ನೊಂದು ಜಾಗಕ್ಕೆ ಒಯ್ಯಬಾರದು. ಗಿಡ ಹೊಸ ಬೆಳಕಿಗೆ ತನ್ನ ಲೆಕ್ಕಾಚಾರವನ್ನು ಸರಿಮಾಡಿಕೊಳ್ಳುತ್ತಿರುತ್ತದೆ. ಆ ಹೊತ್ತಿಗೆ ನಾವು ಮಾಡುವ ಪ್ರತಿಯೊಂದು ಉಪಕಾರವೂ ಅದಕ್ಕೆ ಹೊಸದೊಂದು ಪೆಟ್ಟು.

ಚಿಗುರಿನ ವಿಷಯಕ್ಕೆ ಒಂದು ಮಾತು. ಆಲದ ಕೊಂಬೆಯ ತುದಿಯಲ್ಲಿ ಸೂಜಿಯಂತೆ ಚೂಪಾದ ಮೊಗ್ಗೊಂದು ಇರುತ್ತದೆಯಲ್ಲವೆ, ಇದಕ್ಕೂ ಅಂಥದೇ ಇದೆ, ಕಂದು ಬಣ್ಣದ ಕಾಗದದಂತಹ ಹೊದಿಕೆಯೊಳಗೆ. ಅದು ಒಣಗಿದಂತೆ ಕಾಣುವುದರಿಂದ ಕಿತ್ತುಹಾಕೋಣವೆಂದು ಕೈ ತುರಿಸುತ್ತದೆ. ಬಿಡಬೇಕು. ಎಳೆಯ ಎಲೆಯನ್ನು ಕಾಪಾಡುತ್ತಿರುವುದು ಅದೇ. ಎಲೆ ಬಿಚ್ಚಿಕೊಂಡ ಮೇಲೆ ತಾನಾಗಿಯೇ ಉದುರಿ, ಕಾಂಡದ ಮೇಲೆ ಬಳೆಯಂತಹ ಒಂದು ಗೆರೆಯನ್ನು ಉಳಿಸುತ್ತದೆ.

ಕರ್ನಾಟಕದ ಎಲ್ಲ ಊರಿಗೂ ಬೆಂಗಳೂರಿನ ಲೆಕ್ಕ ಹೊಂದುವುದಿಲ್ಲ. ಸುಮಾರು 15ರಿಂದ 30 ಡಿಗ್ರಿಯವರೆಗಿನ ಹವೆ ಈ ಗಿಡಕ್ಕೆ ಒಗ್ಗುತ್ತದೆ, ಹೀಗಾಗಿ ಬೆಂಗಳೂರು ಮೈಸೂರಿನವರು ಈ ಬಗ್ಗೆ ಯೋಚಿಸಬೇಕಾದುದೇ ಕಡಿಮೆ. ಮಂಗಳೂರಿನಲ್ಲಿರುವ ನನ್ನ ಭಾವನ ಮನೆಯಲ್ಲಿ ಇದೇ ಗಿಡ ನನ್ನದಕ್ಕಿಂತ ಬೇಗ ಬೆಳೆದಿದೆ, ಕರಾವಳಿಯ ಆರ್ದ್ರತೆ ಅದಕ್ಕೆ ತವರಿನ ನೆನಪು ತರುತ್ತಿರಬೇಕು; ಆದರೆ ಅಲ್ಲಿನ ಮಳೆಗಾಲದ ಮೋಡ ಕವಿದ ತಿಂಗಳುಗಳಲ್ಲಿ ಕಿಟಕಿಗೆ ಅಂಟಿಸಿ ಇಟ್ಟರೂ ಬೆಳಕು ಸಾಲದೆ, ಮಣ್ಣು ಒಣಗದೆ, ಅವರು ನೀರನ್ನು ಮೂರು ವಾರಕ್ಕೊಮ್ಮೆಗೆ ಇಳಿಸಿದ್ದಾರೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಸೆಖೆಗೆ ಒಬ್ಬ ಗೆಳೆಯನ ಗಿಡದ ಅಂಚುಗಳೆಲ್ಲ ಸುಟ್ಟವು. ಏರ್ ಕೂಲರ್ ಇರುವ ಕೋಣೆಗೆ, ಕೂಲರಿನ ನೇರ ಗಾಳಿಗೆ ಸಿಗದಂತೆ ಇಟ್ಟ ಮೇಲೆ ಸುಧಾರಿಸಿತು. ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗ ಯಾವ ಊರಿನಲ್ಲಿಯೂ ಬೇಡ. ಎಲೆಗಳ ಮೇಲೆ ದಿನವೂ ನೀರು ಚಿಮುಕಿಸುವುದರಿಂದ ಆರ್ದ್ರತೆ ಏರುವುದು ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ. ಚಿಮುಕಿಸುವವರ ಮನಸ್ಸಿಗೆ ಸಮಾಧಾನ ಎನ್ನುವುದಾದರೆ ನನ್ನ ಆಕ್ಷೇಪವಿಲ್ಲ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಡ ಬೆಳೆಯುವ ಮಾರ್ಚಿನಿಂದ ಅಕ್ಟೋಬರಿನವರೆಗೆ ತಿಂಗಳಿಗೊಮ್ಮೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, 19:19:19 ಎಂದು ಸಿಗುವ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಮಿನಂತೆ ಕಲಸಿ, ಮೊದಲೇ ತೇವವಾಗಿರುವ ಮಣ್ಣಿಗೆ ಹಾಕುತ್ತೇನೆ. ಚಳಿಯಲ್ಲಿ ಏನೂ ಇಲ್ಲ. ಸಗಣಿಯ ಬಗ್ಗಡವನ್ನು ಒಮ್ಮೆ ಹಾಕಿ ವಾರವಿಡೀ ಮನೆಯವರ ಮುಖ ನೋಡಲಾಗದೆ ತಲೆತಗ್ಗಿಸಿದ್ದೇನೆ, ಜೊತೆಗೆ ಕುಂಡದಿಂದ ಎದ್ದ ಸಣ್ಣ ಕಪ್ಪು ನೊಣಗಳು ಕಾಫಿಯ ಲೋಟದಲ್ಲಿ ಬಿದ್ದದ್ದೂ ಉಂಟು. ಎಲೆಗಳ ಮೇಲೆ ಕೂರುವ ಧೂಳನ್ನು, ಬೆಂಗಳೂರಿನಲ್ಲಿ ಅದಕ್ಕೇನೂ ಬರವಿಲ್ಲ, ಹದಿನೈದು ದಿನಕ್ಕೊಮ್ಮೆ ಒದ್ದೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರಿದರೆ ಧೂಳು ಇನ್ನಷ್ಟು ಅಂಟುತ್ತದೆ. ಒರೆಸುವಾಗ ಎಲೆಯ ಅಡಿಭಾಗವನ್ನೂ ತೊಟ್ಟಿನ ಸಂದಿಯನ್ನೂ ನೋಡುವುದು ರೂಢಿಯಾದರೆ, ಹತ್ತಿಯ ಉಂಡೆಯಂತಹ ಹಿಟ್ಟುತಿಗಣೆಯಾಗಲಿ, ಸಣ್ಣ ಬಲೆ ಕಟ್ಟುವ ನುಸಿಯಾಗಲಿ ಹೆಚ್ಚುವ ಮೊದಲೇ ಕಣ್ಣಿಗೆ ಬೀಳುತ್ತದೆ. ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ನಾಲ್ಕು ಹನಿ ದ್ರವ ಸೋಪು, ಸಂಜೆಯ ಹೊತ್ತು ಸಿಂಪಡಣೆ, ವಾರದ ಅಂತರದಲ್ಲಿ ಮೂರು ಸಲ: ನನಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಗಿಡವನ್ನು ಹದಿನೈದು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತೇನೆ, ಇಲ್ಲದಿದ್ದರೆ ಇಡೀ ಗಿಡ ಕಿಟಕಿಯ ಕಡೆಗೆ ವಾಲಿ, ನಮಗೆ ಬೆನ್ನು ತೋರಿಸಿಕೊಂಡು ನಿಲ್ಲುತ್ತದೆ. ಧೂಳು ಒರೆಸಿದ ಮೇಲೆ ಕಾಂಡವನ್ನು ಹಿಡಿದು ಒಂದೆರಡು ನಿಮಿಷ ಮೆಲ್ಲಗೆ ಅಲುಗಿಸುವುದೂ ಉಂಟು. ಹೊರಗೆ ಗಾಳಿಗೆ ಬಾಗಿ ಬಾಗಿ ಮರದ ಕಾಂಡ ಬಲಿಯುತ್ತದೆ; ಗಾಳಿಯಿಲ್ಲದ ಕೋಣೆಯಲ್ಲಿ ಬೆಳೆದದ್ದು ತೆಳ್ಳಗಾಗಿ ತನ್ನ ಎಲೆಯ ಭಾರವನ್ನೇ ಹೊರಲಾರದೆ ಕೋಲಿನ ಆಸರೆ ಕೇಳುತ್ತದೆ. ಇದನ್ನು ಮೊದಲ ಸಲ ನೋಡಿದ ನಮ್ಮ ಮಗಳು, "ಅಪ್ಪ, ಗಿಡಾನ ಯಾಕೆ ಎಬ್ಬಿಸ್ತಿದ್ದೀಯ?" ಎಂದು ಕೇಳಿದ್ದಳು.

ಮಾರುವವರು ಈ ಗಿಡ ಮನೆಯ ಗಾಳಿಯನ್ನು ಶುದ್ಧಮಾಡುತ್ತದೆ ಎನ್ನುತ್ತಾರೆ. ಆ ಮಾತಿನ ಮೂಲ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಗಿಡಗಳನ್ನು ಇಟ್ಟದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂತಹ ಪ್ರಯೋಗಗಳ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಕಿಟಕಿ ಬಾಗಿಲುಗಳಿರುವ ಕಟ್ಟಡದಲ್ಲಿ ಗಾಳಿಯ ಓಡಾಟಕ್ಕೆ ಸಮನಾದ ಪರಿಣಾಮ ಬೇಕಾದರೆ ಒಂದೊಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡಗಳು ಬೇಕು. ಕಿಟಕಿ ತೆರೆದರಾಯಿತು.

ಕಳೆದ ಮೇ ತಿಂಗಳಲ್ಲಿ ಗಿಡ ಮೂರೂವರೆ ಅಡಿ ಮುಟ್ಟಿ, ಕಿಟಕಿಯ ಅಡ್ಡಪಟ್ಟಿಗೆ ತಲೆ ತಾಗಿಸಿತು. ಸುಮ್ಮನೆ ಕತ್ತರಿಸಿ ಎಸೆಯುವ ಬದಲು ತುದಿಯಿಂದ ಒಂದು ಅಡಿ ಕೆಳಗೆ ಗೂಟಿ ಕಟ್ಟಿದೆ. ಗೆಣ್ಣಿನ ಕೆಳಗೆ ಒಂದು ಅಂಗುಲದಷ್ಟು ತೊಗಟೆಯನ್ನು ಸುತ್ತಲೂ ತೆಗೆದು, ಸುರಿದ ಹಾಲನ್ನು ಬಟ್ಟೆಯಿಂದ ಒರೆಸಿ, ನೆನೆಸಿ ಹಿಂಡಿದ ಕೋಕೋಪೀಟನ್ನು ಮುಷ್ಟಿಯಷ್ಟು ಒತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದೆ, ಕೈಗವಸು ಹಾಕಿಕೊಂಡೇ. ಏಳನೆಯ ವಾರ ಹಾಳೆಯೊಳಗೆ ಬಿಳಿಯ ಬೇರುಗಳು ಕಂಡವು. ಒಂದು ಒಂಟಿ ಎಲೆಯನ್ನು ನೀರಿನ ಲೋಟದಲ್ಲಿಟ್ಟು ಗಿಡ ಮಾಡಲು ಹೊರಡುವವರನ್ನು ಇಲ್ಲಿ ಎಚ್ಚರಿಸಬೇಕು: ತೊಟ್ಟಿನ ಬುಡದಲ್ಲಿ ಕಾಂಡದ ತುಣುಕೂ ಅದರ ಮೊಗ್ಗೂ ಇಲ್ಲದಿದ್ದರೆ ಬೇರು ಬರುತ್ತದೆಯೇ ಹೊರತು ಚಿಗುರು ಎಂದಿಗೂ ಬರುವುದಿಲ್ಲ, ಆ ಎಲೆ ವರ್ಷಗಟ್ಟಲೆ ಎಲೆಯಾಗಿಯೇ ಇರುತ್ತದೆ. ತುದಿಯನ್ನು ಕಳೆದುಕೊಂಡ ತಾಯಿಗಿಡ ಕತ್ತರಿಸಿದ ಜಾಗದ ಕೆಳಗಿನ ಎರಡು ಗೆಣ್ಣುಗಳಿಂದ ಕವಲೊಡೆದು ಈಗ ಪೊದೆಯಂತೆ ತುಂಬಿಕೊಂಡಿದೆ.

ಗೂಟಿಯ ಗಿಡ ಮೈಸೂರಿಗೆ ಹೋಯಿತು. ಹಾಲು ಬರುವ ಗಿಡ ಒಳಗೆ ಬೇಡವೆಂದಿದ್ದ ಅಮ್ಮ ಈಗಲೂ ಆ ಮಾತನ್ನು ಹಿಂದೆಗೆದುಕೊಂಡಿಲ್ಲ. ಅದನ್ನು ನಡುಮನೆಯ ಹೊಸ್ತಿಲಿನಿಂದ ಆಚೆ, ಪೂರ್ವಕ್ಕೆ ಜಾಲಂದ್ರವಿರುವ ಜಗಲಿಯಲ್ಲಿ ಇಟ್ಟುಕೊಂಡು, ಜಗಲಿ ಎಂದರೆ ಮನೆಯ ಒಳಗಲ್ಲ ಎಂದು ತೀರ್ಮಾನಿಸಿದ್ದಾರೆ. ಬೆಳಕಿನ ದೃಷ್ಟಿಯಿಂದ ಆ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪೊರಕೆ ಕಡ್ಡಿಯೊಂದನ್ನು ಕುಂಡದಲ್ಲಿಯೇ ಚುಚ್ಚಿಟ್ಟಿದ್ದಾರೆ, ಮತ್ತು ಕಳೆದ ವಾರ ಫೋನಿನಲ್ಲಿ ಹೇಳಿದ ಪ್ರಕಾರ ಅದು ಹನ್ನೊಂದು ದಿನದಿಂದ ತೇವವಾಗಿಯೇ ಇದೆಯಂತೆ.